ನೆತ್ತಿಗೆ ಬಂದರೆ ಕೈಕೊಡುವ ಗೋಟು ಮೌಂಟ್: ವಿಜಯಪುರದ ಮಾಳಿಗೆಯಿಂದ ಒಂದು ವಿಮರ್ಶೆ

ಒಂದೇ ತೋಳಿನ ಆಲ್ಟ್-ಅಜಿಮತ್ ಗೋಟು ಮೌಂಟ್ (ಹೆಸರು ಒತ್ತಿದರೆ ಟೆಲಿಸ್ಕೋಪನ್ನು ತಾನೇ ಅತ್ತ ತಿರುಗಿಸುವ ಸ್ಟ್ಯಾಂಡು), ಮೇಲೆ 127 ಮಿ.ಮೀ. ಮಕ್ಸುತೋವ್ ಟೆಲಿಸ್ಕೋಪಿನ ಟ್ಯೂಬು, ಕೈಯಲ್ಲಿ ಎರಡು ಸಾಲಿನ ಕೆಂಪು ಪರದೆಯ ಹ್ಯಾಂಡ್ ಕಂಟ್ರೋಲರ್. ಉಳಿದ ಸ್ಪೆಸಿಫಿಕೇಶನ್ ಎಲ್ಲ ಡಬ್ಬಿಯ ಮೇಲೇ ಇದೆ. ಡಬ್ಬಿಯ ಮೇಲೆ ಇಲ್ಲದ ಸಂಗತಿ ಒಂದೇ: ನಮ್ಮ ಕಡೆ ನೋಡಲೇಬೇಕಾದ ಅರ್ಧ ಆಕಾಶ ನೆತ್ತಿಯ ಮೇಲೆ ಹಾಯ್ದು ಹೋಗುತ್ತದೆ, ಈ ಮೌಂಟಿಗೆ ಆಗಿಬರದ ಜಾಗವೂ ಅದೇ.

ವಿಜಯಪುರದ ಅಕ್ಷಾಂಶ 16°50'. ರೋಹಿಣಿಯ (ಪರದೆಯಲ್ಲಿ ಅಲ್ಡೆಬರಾನ್) ಡಿಕ್ಲಿನೇಶನ್ (ಆಕಾಶದ ಅಕ್ಷಾಂಶ ಅನ್ನಿ) ಉತ್ತರಕ್ಕೆ 16°31'. ಅಂದರೆ ಅದು ನೆತ್ತಿಯಿಂದ ಅರ್ಧ ಡಿಗ್ರಿಯೂ ಸರಿಯದೆ ದಾಟುತ್ತದೆ. ಸ್ವಾತಿ ಎರಡೂವರೆ ಡಿಗ್ರಿಯೊಳಗೆ, ಕೃತ್ತಿಕೆ ಏಳರ ಆಸುಪಾಸು. ಆಲ್ಟ್-ಅಜಿಮತ್ ಮೌಂಟಿಗೆ ಎರಡೇ ಚಲನೆ, ಮೇಲೆ-ಕೆಳಗೆ ಮತ್ತು ಸುತ್ತಲೂ. ನಕ್ಷತ್ರ ಉತ್ತರ-ದಕ್ಷಿಣ ಗೆರೆಯನ್ನು 80 ಡಿಗ್ರಿ ಎತ್ತರದಲ್ಲಿ ದಾಟುವುದಾದರೆ ಆ ಹೊತ್ತಿಗೆ ಸುತ್ತು ತಿರುಗಿಸುವ ಮೋಟಾರು ಆಕಾಶದ ಮಾಮೂಲಿ ವೇಗಕ್ಕಿಂತ ಐದಾರು ಪಟ್ಟು ಓಡಬೇಕು. 89 ಡಿಗ್ರಿಯಲ್ಲಿ ಐವತ್ತು ಪಟ್ಟು ದಾಟುತ್ತದೆ. ನೆತ್ತಿಯನ್ನು ದಾಟುವ ಹೊತ್ತಿಗೆ ಇಡೀ ಟ್ಯೂಬು ಪೂರ್ವದಿಂದ ಪಶ್ಚಿಮಕ್ಕೆ ಅರ್ಧ ಸುತ್ತು ಹೊಡೆಯಬೇಕು. ಮೋಟಾರು ಗುಯ್ ಎನ್ನುತ್ತದೆ, ನಕ್ಷತ್ರ ಐಪೀಸಿನ (ಕಣ್ಣಿಡುವ ಮಸೂರದ) ಅಂಚಿಗೆ ಜಾರಿ ಮಾಯವಾಗುತ್ತದೆ.

ಅಷ್ಟಕ್ಕೇ ಮುಗಿದಿದ್ದರೆ ಕಾಯಬಹುದಿತ್ತು. ಆ ಅರ್ಧ ಸುತ್ತಿನಲ್ಲಿ ಪವರ್ ವೈರು ಟ್ರೈಪಾಡ್ ಕಾಲಿಗೆ ಸುತ್ತಿಕೊಂಡು ಬಿಗಿಯುತ್ತದೆ. ಜ್ಯಾಕ್ ಒಂದೇ ಒಂದು ಕ್ಷಣ ಅಲುಗಿದರೂ ಸಾಕು, ಪರದೆ ಆರಿ ಮತ್ತೆ ಹತ್ತುತ್ತದೆ. ಅಲ್ಲಿಗೆ, ನಕ್ಷತ್ರ ತೋರಿಸಿ ಮೌಂಟಿಗೆ ದಿಕ್ಕು ಕಲಿಸಲು ಮಾಡಿದ ಅಲೈನ್‌ಮೆಂಟ್ ನೀರಿನ ಪಾಲು, ತಾರೀಕಿನಿಂದ ಮತ್ತೆ ಶುರು.

ರೋಹಿಣಿ ನೆತ್ತಿಯ ಹತ್ತು ಡಿಗ್ರಿಯೊಳಗೆ ಇರುವುದು ಸುಮಾರು ಒಂದು ತಾಸು ಇಪ್ಪತ್ತು ನಿಮಿಷ. ಜನವರಿ ಕೊನೆಯಲ್ಲಿ ಅದು ನೆತ್ತಿ ಮುಟ್ಟುವುದು ಎಂಟೂವರೆಯ ಸುಮಾರಿಗೆ, ಮನೆ ಮಂದಿಯೆಲ್ಲ ಮಾಳಿಗೆ ಹತ್ತುವ ಹೊತ್ತಿಗೇ. 2026ರ ಜನವರಿ 10ರಂದು ಸೂರ್ಯನಿಗೆ ಎದುರಾಗಿ ನಿಂತ ಗುರುವಿನ ಕತೆಯೂ ಹೀಗೇ. ಮಿಥುನದಲ್ಲಿದ್ದ ಗುರು ರಾತ್ರಿ ಹನ್ನೆರಡೂವರೆ ದಾಟುತ್ತಲೇ ನೆತ್ತಿಯಿಂದ ಐದಾರು ಡಿಗ್ರಿಯಲ್ಲಿದ್ದ. ‘ಗ್ರಹ ಅತಿ ಎತ್ತರದಲ್ಲಿದ್ದಾಗ ನೋಡಿ’ ಎಂಬ ಸಲಹೆ ಈ ಮೌಂಟಿಗೆ, ಈ ಊರಿಗೆ ತಿರುಗುಬಾಣ. ಹತ್ತೂವರೆಗೇ ನೋಡಿ ಮುಗಿಸುವುದು, ಇಲ್ಲವೇ ಎರಡರ ಮೇಲೆ ಪಶ್ಚಿಮಕ್ಕೆ ಇಳಿಯಲು ಬಿಡುವುದು. ಗಾಳಿಯ ಅಲುಗಾಟ 60 ಡಿಗ್ರಿಯ ಮೇಲೆ ಹೇಗೂ ಕಡಿಮೆ, ಕಳೆದುಕೊಳ್ಳುವುದೇನೂ ಇಲ್ಲ.

ಇದಕ್ಕೆ ಪೂರ್ತಿ ಪರಿಹಾರ ಇಲ್ಲ, ಉಪಾಯಗಳಿವೆ. ಸೆಟಪ್ ಮೆನುವಿನ ಎಲಿವೇಶನ್ ಲಿಮಿಟ್ಸ್‌ನಲ್ಲಿ ಮೇಲಿನ ಮಿತಿಯನ್ನು 80ಕ್ಕೆ ಇಡಿ. ಆಗ ಕಂಟ್ರೋಲರ್ ತಾನೇ ‘ಆಗುವುದಿಲ್ಲ’ ಅನ್ನುತ್ತದೆ, ವೈರು ಉಳಿಯುತ್ತದೆ. ಪವರ್ ವೈರನ್ನು ಜ್ಯಾಕಿನಿಂದ ಒಂದು ಗೇಣು ಬಿಟ್ಟು ಮೌಂಟಿನ ತೋಳಿಗೇ ವೆಲ್ಕ್ರೋ ಪಟ್ಟಿಯಿಂದ ಕಟ್ಟಿ. ಜಗ್ಗಾಟ ಬಿದ್ದರೆ ಪಟ್ಟಿಯ ಮೇಲೆ ಬೀಳಲಿ, ಜ್ಯಾಕಿನ ಮೇಲೆ ಬೇಡ. ಎಂಟು ಪೆನ್‌ಸೆಲ್ ಹಾಕುವ ಡಬ್ಬಿಯನ್ನು ಮರೆತುಬಿಡಿ. ಎರಡೂ ಮೋಟಾರು ಜೋರಾಗಿ ತಿರುಗುವಾಗ ಒಂದು ಆಂಪಿಯರ್ ಹತ್ತಿರ ಎಳೆಯುತ್ತವೆ, ಸೆಲ್ಲಿನ ವೋಲ್ಟೇಜ್ ಕುಸಿದು ಕಂಟ್ರೋಲರ್ ದಿಕ್ಕುಗೆಡುತ್ತದೆ. ಯುಪಿಎಸ್‌ಗೆ ಹಾಕುವ 12 ವೋಲ್ಟ್, 7 ಎಎಚ್ ಬ್ಯಾಟರಿ ಸಾಕು, ಎಲೆಕ್ಟ್ರಿಕ್ ಅಂಗಡಿಯಲ್ಲೇ ಸಿಗುತ್ತದೆ. ಪಿನ್ನಿನ ನಡುವೆ ಪ್ಲಸ್ ಬರಬೇಕು. ಮಲ್ಟಿಮೀಟರ್ ಹಿಡಿದು ನೋಡದೆ ಚುಚ್ಚಬೇಡಿ.

ಇನ್ನು ದಿನದ ಕೆಲಸ. ಫೈಂಡರನ್ನು (ಟ್ಯೂಬಿನ ಮೇಲೆ ಕೂತ, ಕೆಂಪು ಚುಕ್ಕೆ ತೋರಿಸುವ ಗುರಿಕಿಂಡಿ) ಹೊತ್ತು ಮುಳುಗಿದ ಮೇಲೆ, ಬೆಳಕು ಆರುವ ಮೊದಲು ಸರಿಮಾಡಿ. ಗೋಲಗುಮ್ಮಟದ ಮೂಲೆಯ ಮಿನಾರು ಕಾಣುವ ಮಾಳಿಗೆಯಾದರೆ ಅದಕ್ಕಿಂತ ಒಳ್ಳೆಯ ಗುರಿ ಇಲ್ಲ, ಇಲ್ಲದಿದ್ದರೆ ಮೊಬೈಲ್ ಟವರ್. 25 ಮಿ.ಮೀ. ಐಪೀಸಿನಲ್ಲಿ ಮಿನಾರಿನ ತುದಿಯನ್ನು ನಡುವಿಗೆ ತಂದು, ಕೆಂಪು ಚುಕ್ಕೆಯನ್ನೂ ಅದರ ಮೇಲೇ ಕೂಡಿಸಿ. ಕತ್ತಲಾದ ಮೇಲೆ ಕಂಟ್ರೋಲರ್ ಮೊದಲು ಊರು ಕೇಳುತ್ತದೆ, ಡಿಗ್ರಿ ಮತ್ತು ಮಿನಿಟಿನಲ್ಲಿ: ವಿಜಯಪುರ 75°43' ಪೂರ್ವ, 16°50' ಉತ್ತರ, ಬಾಗಲಕೋಟೆ 75°42', 16°11', ಬೆಳಗಾವಿ 74°30', 15°52'. ಮೊಬೈಲು 16.83 ಅಂದರೆ 16°83' ಒತ್ತಬಾರದು, ಚುಕ್ಕೆಯ ನಂತರದ 0.83ನ್ನು 60ರಿಂದ ಗುಣಿಸಿ. ಟೈಮ್ ಝೋನ್ +05:30. ಆ ಮೂವತ್ತು ನಿಮಿಷ ಬಿಟ್ಟರೆ ಮೊದಲ ನಕ್ಷತ್ರವೇ ಏಳೂವರೆ ಡಿಗ್ರಿ ಆಚೆ. ತಾರೀಕಿನಲ್ಲಿ ತಿಂಗಳು ಮೊದಲು, ದಿನ ಆಮೇಲೆ. ಇದನ್ನು ಅದಲುಬದಲು ಮಾಡಿದರೂ ಎರಡು ನಕ್ಷತ್ರದ ಅಲೈನ್‌ಮೆಂಟ್ ಒಮ್ಮೊಮ್ಮೆ ಹೇಗೋ ದಾಟಿಬಿಡುತ್ತದೆ, ಚಂದ್ರ ಮಾತ್ರ ಎಲ್ಲೋ ಇರುತ್ತಾನೆ. ಡೇಲೈಟ್ ಸೇವಿಂಗ್‌ಗೆ ಕಣ್ಣು ಮುಚ್ಚಿ ‘ನೋ’.

ಅಲೈನ್‌ಮೆಂಟಿಗೆ ಕಂಟ್ರೋಲರ್ ತಾನಾಗಿ ಸೂಚಿಸುವ ಜೋಡಿಯನ್ನು ನಂಬಬೇಡಿ, ಅದಕ್ಕೆ ನೆತ್ತಿಯ ನಕ್ಷತ್ರದ ಮೇಲೆ ಎಲ್ಲಿಲ್ಲದ ಪ್ರೀತಿ. ಫೆಬ್ರುವರಿ ಸಂಜೆಗೆ ಲುಬ್ಧಕ ಮತ್ತು ಬ್ರಹ್ಮಹೃದಯ (ಸಿರಿಯಸ್, ಕಪೆಲ್ಲಾ), ಮೇ ನಡುವಿಗೆ ರಾತ್ರಿ ಒಂಬತ್ತಕ್ಕೆ ಚಿತ್ರಾ ಮತ್ತು ಮಘಾ (ಸ್ಪೈಕಾ, ರೆಗ್ಯುಲಸ್). ದೂರದ ಓಟಕ್ಕೆ ರೇಟ್ (ಮೋಟಾರಿನ ವೇಗ) 9, ನಡುವಿಗೆ ತರಲು 5, ಐಪೀಸು 10 ಮಿ.ಮೀ.ಗೆ ಬದಲಿಸಿದ ಮೇಲೆ 3. ಕೊನೆಯ ಸರಿಸಾಟ ಯಾವಾಗಲೂ ಮೇಲಿನ ಮತ್ತು ಬಲಗಡೆಯ ಬಾಣದಿಂದಲೇ ಮುಗಿಯಬೇಕು. ಗೇರಿನ ಹಲ್ಲುಗಳ ನಡುವೆ ಸಡಿಲ ಇದೆ, ದಿಕ್ಕು ಬದಲಿಸಿದ ಕೂಡಲೇ ಮೋಟಾರು ತಿರುಗಿದರೂ ಟ್ಯೂಬು ತುಸು ಹೊತ್ತು ಕದಲುವುದಿಲ್ಲ. ನಕ್ಷತ್ರ ನಡು ದಾಟಿತೇ? ಹಿಂದಕ್ಕೆ ಬೇಕಾದ್ದಕ್ಕಿಂತ ಹೆಚ್ಚೇ ಎಳೆದು, ಮತ್ತೆ ಅದೇ ಎರಡು ಬಾಣದಿಂದ ಬನ್ನಿ. ಎಂಟರ್ ಒತ್ತುವ ಮೊದಲು ಬಾಣದ ಮೇಲಿನ ಬೆರಳು ತೆಗೆದಿರಬೇಕು.

ಇಷ್ಟು ಬೈದ ಮೇಲೆ ಹೇಳಲೇಬೇಕಾದ ಮಾತೂ ಇದೆ. ದಕ್ಷಿಣಕ್ಕೆ ತಿರುಗಿಸಿದರೆ ಇದೇ ಮೌಂಟು ಅಗದಿ ಬೇರೆಯದೇ ಅನ್ನಿಸುತ್ತದೆ. ಮೇ ತಿಂಗಳ ನಡುವೆ, ರಾತ್ರಿ ಹತ್ತರ ಮೇಲೆ, ಎನ್‌ಜಿಸಿ (ಆಕಾಶಕಾಯಗಳ ಒಂದು ಪಟ್ಟಿ) ಒತ್ತಿ 5139, ಎಂಟರ್, ಮತ್ತೊಮ್ಮೆ ಎಂಟರ್. ಟ್ಯೂಬು ಸಾವಕಾಶ ಬಾಗಿ 25 ಡಿಗ್ರಿಗೆ ಬಂದು ನಿಲ್ಲುತ್ತದೆ, ಒಮೆಗಾ ಸೆಂಟಾರಿ ನಕ್ಷತ್ರಗುಚ್ಛ 25 ಮಿ.ಮೀ. ಐಪೀಸಿನ ನಡುವೆಯೇ ಇರುತ್ತದೆ. ಮೊದಲು ಮಬ್ಬು ಉಂಡೆ. ಕಣ್ಣು ಪಳಗಿ, ನೋಟ ತುಸು ಓರೆ ಮಾಡಿದರೆ ಅಂಚಿನಲ್ಲಿ ಪುಡಿ ಪುಡಿ ನಕ್ಷತ್ರ ಬಿಡಿಸಿಕೊಳ್ಳುತ್ತವೆ. ಯುರೋಪಿನ ಬಹುಭಾಗದಲ್ಲಿ ದಿಗಂತದ ಮೇಲೆ ಏಳದ ಗುಚ್ಛ ಇದು. ಕಬ್ಬಿನ ರವದಿ ಸುಡುವ ಹಂಗಾಮು ಅಷ್ಟರಲ್ಲಿ ಮುಗಿದಿರುತ್ತದೆ, ತಗ್ಗಿನ ಆಕಾಶವೂ ತಿಳಿ. ಆ ಎತ್ತರದಲ್ಲಿ ಟ್ರ್ಯಾಕಿಂಗ್‌ಗೆ ಹೆಸರಿಡುವಂತಿಲ್ಲ; ಸರತಿಯಲ್ಲಿ ಹತ್ತು ಮಂದಿ ನೋಡಿ ಮುಗಿಸಿದರೂ ಬಾಣ ಮುಟ್ಟುವ ಕೆಲಸ ಬೀಳುವುದಿಲ್ಲ.

ಹಾಗಾದರೆ ಇಕ್ವಟೋರಿಯಲ್ ಮೌಂಟ್ (ಒಂದು ಅಕ್ಷವನ್ನು ಆಕಾಶದ ಧ್ರುವಕ್ಕೆ ಗುರಿಯಿಟ್ಟು ತಿರುಗುವಂಥದ್ದು) ಕೊಳ್ಳಬಹುದಲ್ಲ ಅನ್ನುವವರಿಗೆ: ಅದಕ್ಕೆ ನೆತ್ತಿಯ ತಕರಾರಿಲ್ಲ, ನಿಜ. ಆದರೆ ಇಲ್ಲಿ ಧ್ರುವ ಬರೀ 17 ಡಿಗ್ರಿ ಎತ್ತರ, ಎದುರು ಮನೆಯ ನೀರಿನ ಟಾಕಿಯೇ ಅದನ್ನು ಮುಚ್ಚುತ್ತದೆ. ಅಷ್ಟು ತಗ್ಗಿಗೆ ಬಾಗಿಸಿದ ಅಕ್ಷದಲ್ಲಿ ತೂಕದ ಗುಂಡಿನ ಸರಳು ಕೆಲವು ಮಾದರಿಗಳಲ್ಲಿ ಟ್ರೈಪಾಡ್ ಕಾಲಿಗೆ ಬಡಿಯುತ್ತದೆ. ಖರ್ಚೂ ಹೆಚ್ಚು, ಭಾರವೂ ಹೆಚ್ಚು. ಫೋಟೋ ತೆಗೆಯುವ ಹಂಬಲ ಇದ್ದವರಿಗೆ ಅದು ಸರಿ. ಕಣ್ಣಿಂದ ನೋಡುವವರಿಗೆ, ಒಬ್ಬರೇ ಹೊತ್ತು ಮೆಟ್ಟಿಲು ಹತ್ತುವವರಿಗೆ, 80 ಡಿಗ್ರಿಯ ಮಿತಿ ಒಪ್ಪಿಕೊಂಡರೆ ಇದೇ ಸಾಕು. ಐದಕ್ಕೆ ಮೂರೂವರೆ ಕೊಡಬಹುದು. ಲೊಕೇಶನ್ ಮತ್ತು ಗಡಿಯಾರ ನೆನಪಿಡುವ ಕಂಟ್ರೋಲರ್ ಇದ್ದಿದ್ದರೆ ನಾಲ್ಕು. ಮಳೆಗಾಲದಲ್ಲಿ ಮೌಂಟು ಮೂಲೆ ಸೇರಿದರೂ ಬ್ಯಾಟರಿಯನ್ನು ತಿಂಗಳಿಗೊಮ್ಮೆ ಚಾರ್ಜಿಗೆ ಹಾಕಿ, ಖಾಲಿ ಬಿಟ್ಟ ಲೆಡ್ ಆ್ಯಸಿಡ್ ಬ್ಯಾಟರಿ ದಸರೆ ಹೊತ್ತಿಗೆ ಏಳುವುದಿಲ್ಲ.