ಒಂದೇ ಸ್ವಿಚ್ಚಿಗೆ ಇಡೀ ಆರ್ಕೇಡ್ ಪೆಟ್ಟಿಗೆ: ಸ್ಪೈಕ್ ಬಸ್ಟರೋ, ಮಾಸ್ಟರ್ ಬೋರ್ಡೋ, ರಿಲೇಯೋ?

ಬದಿಯಡ್ಕದ ನಮ್ಮ ಮನೆಯ ಚಾವಡಿಯಲ್ಲಿರುವ ಆರ್ಕೇಡ್ ಪೆಟ್ಟಿಗೆಯೊಳಗೆ, ಅಂದರೆ ವಿಡಿಯೋ ಗೇಮ್ ಆಡುವ ಯಂತ್ರದೊಳಗೆ, ಹಳೆಯ ಟವರ್ ಪಿಸಿ, ಎಲ್‌ಸಿಡಿ ಮಾನಿಟರ್, ಸ್ಪೀಕರಿಗೊಂದು ಸಣ್ಣ ಆಂಪ್ಲಿಫೈಯರ್, ಮೇಲಿನ ಹೆಸರುಹಲಗೆಯ ಹಿಂದೆ ಎಲ್‌ಇಡಿ ಪಟ್ಟಿ ಇವೆ. ನಾಲ್ಕಕ್ಕೂ ನಾಲ್ಕು ಸ್ವಿಚ್. ಮಕ್ಕಳು ಆಡುವ ಯಂತ್ರ ಒಂದೇ ಗುಂಡಿಗೆ ಹತ್ತಿ ಅದೇ ಗುಂಡಿಗೆ ಆರಬೇಕು ಎಂದು ಮೂರು ದಾರಿ ಹಾಕಿ ನೋಡಿದೆ. ಹತ್ತಿಸುವ ಕೆಲಸ ಮೂರರಲ್ಲೂ ಆಗುತ್ತದೆ. ಆರಿಸುವಾಗ ಏನಾಗುತ್ತದೆ, ಕರೆಂಟು ಹೋಗಿ ಬಂದಾಗ ಏನಾಗುತ್ತದೆ, ಆಯ್ಕೆ ಮಾಡಬೇಕಾದದ್ದು ಅದನ್ನು ನೋಡಿ.

ಎಲ್ಲಕ್ಕಿಂತ ಅಗ್ಗದ್ದು ಸ್ಪೈಕ್ ಬಸ್ಟರ್, ಹಲವು ಸಾಕೆಟ್ಟಿಗೆ ಒಂದೇ ಸ್ವಿಚ್ ಇರುವ ಬೋರ್ಡ್. ಎಲ್ಲ ಪ್ಲಗ್ಗನ್ನೂ ಅದಕ್ಕೆ ಚುಚ್ಚಿ, ಪಿಸಿಯ ಬಯೋಸಿನಲ್ಲಿ (ವಿಂಡೋಸಿಗಿಂತ ಮೊದಲು ಬರುವ ಸೆಟ್ಟಿಂಗ್ ಪುಟ) ಕರೆಂಟು ಬಂದ ಕೂಡಲೇ ಆನ್ ಆಗುವ ಆಯ್ಕೆ ಕೊಟ್ಟರೆ ಆಯಿತು. ಕೆಲವು ಬೋರ್ಡುಗಳಲ್ಲಿ ಇದರ ಹೆಸರು ‘ಎಸಿ ಬ್ಯಾಕ್’, ಕೆಲವದರಲ್ಲಿ ‘ಎಸಿ ರಿಕವರಿ’. ಆರಿಸಿದ ತಕ್ಷಣ ಮತ್ತೆ ಹಾಕಿದರೆ ಕೆಲವೊಮ್ಮೆ ಪಿಸಿ ಏಳುವುದಿಲ್ಲ. ಪವರ್ ಸಪ್ಲೈಯ ಕೆಪಾಸಿಟರುಗಳಲ್ಲಿ ಉಳಿದ ಚಾರ್ಜ್ ಇಳಿಯುವವರೆಗೆ ಸ್ವಲ್ಪ ತಡೆಯಬೇಕು.

ಆರಿಸುವಾಗ ಇದು ಪಿಸಿಯ ಕತ್ತು ಹಿಸುಕಿದ ಹಾಗೆ. 1980ರ ಪ್ಯಾಕ್‌ಮ್ಯಾನ್ ಕಾಲದ ಯಂತ್ರಗಳಲ್ಲಿ ಆಟವೆಲ್ಲ ಓದಲಷ್ಟೇ ಆಗುವ ರೋಮ್ ಚಿಪ್ಪಿನಲ್ಲಿ ಇರುತ್ತಿತ್ತು. ಹಿಂದಿನ ಸ್ವಿಚ್ ಒತ್ತಿ ಆರಿಸಿದರೆ ಏನೂ ಕೆಡುತ್ತಿರಲಿಲ್ಲ. ನಮ್ಮದರಲ್ಲಿ ವಿಂಡೋಸ್ ಓಡುತ್ತಿರುತ್ತದೆ, ಡಿಸ್ಕಿಗೆ ಏನನ್ನೋ ಬರೆಯುತ್ತಿರುತ್ತದೆ. ಮೊದಲು ಮೆನುವಿನಲ್ಲಿ ಶಟ್‌ಡೌನ್ ಕೊಟ್ಟು, ಕಾದು, ಆಮೇಲೆ ಸ್ವಿಚ್ ಎಂದರೆ ಮಕ್ಕಳು ಕೇಳುತ್ತಾರೆಯೇ? ಅದಕ್ಕಿಂತ ದೊಡ್ಡ ತೊಂದರೆ ನಮ್ಮ ಊರಿನದು. ಆಟಿಯ ಮಳೆಗೆ ತೆಂಗಿನ ಮಡಲು ಲೈನಿನ ಮೇಲೆ ಬಿದ್ದು ಸಂಜೆ ಹೋದ ಕರೆಂಟು ನಡುರಾತ್ರಿ ಬರುತ್ತದೆ. ಸ್ಪೈಕ್ ಬಸ್ಟರ್ ಆನ್ ಇದ್ದರೆ ಪೆಟ್ಟಿಗೆ ತಾನಾಗಿಯೇ ಎದ್ದು ಚಾವಡಿಯಲ್ಲಿ ಸಂಗೀತ ಸುರು.

ಎರಡನೆಯದು, ದುಬೈಯಿಂದ ಭಾವ ತಂದ ಮಾಸ್ಟರ್-ಸ್ಲೇವ್ ಬೋರ್ಡ್. ಒಂದು ಸಾಕೆಟ್ ಮಾಸ್ಟರ್, ಉಳಿದವು ಸ್ಲೇವ್. ಮಾಸ್ಟರಿನಲ್ಲಿರುವ ಪಿಸಿ ನಾವು ಇಟ್ಟ ಮಿತಿಗಿಂತ ಹೆಚ್ಚು ಕರೆಂಟು ಎಳೆದರೆ ಉಳಿದ ಸಾಕೆಟ್ ತೆರೆದುಕೊಳ್ಳುತ್ತವೆ. ಪ್ಲಗ್ ಅಲ್ಲಿಯ ಚೌಕ ಪಿನ್ನಿನದು, ಒಳಗೆ 13 ಆಂಪಿಯರ್ ಫ್ಯೂಸ್; ನಮ್ಮ ಗೋಡೆಗೆ ಅಡಾಪ್ಟರ್ ಬೇಕು, ಸಡಿಲ ಅಡಾಪ್ಟರ್ ನನಗೆ ಹಿಡಿಸುವುದಿಲ್ಲ. ಪಿಸಿಯನ್ನು ಅದರ ಗುಂಡಿಯಿಂದಲೇ ಆರಿಸುವುದರಿಂದ ಶಟ್‌ಡೌನ್ ಸರಿಯಾಗಿ ಆಗುತ್ತದೆ, ಇದು ದೊಡ್ಡ ಗುಣ. ಆದರೆ ಆರಿದ ಪಿಸಿಯೂ ಸ್ವಲ್ಪ ಕರೆಂಟು ಎಳೆಯುತ್ತಲೇ ಇರುತ್ತದೆ. ಮಿತಿ ತಿರುಗಿಸುವ ಸಣ್ಣ ಸ್ಕ್ರೂ ಕೆಳಗಿಟ್ಟರೆ ಮಾನಿಟರ್ ಆರುವುದಿಲ್ಲ, ತೀರ ಮೇಲಿಟ್ಟರೆ ಹತ್ತುವುದಿಲ್ಲ. ಪಿಸಿ ತೆಗೆದು ರಾಸ್ಬೆರಿ ಪೈ ಎಂಬ ಅಂಗೈಯಗಲದ ಕಂಪ್ಯೂಟರ್ ಇಟ್ಟು ನೋಡಿದಾಗ ಸ್ಲೇವ್ ಸಾಕೆಟ್ ಏಳಲೇ ಇಲ್ಲ. ಕೆಲವೇ ವ್ಯಾಟ್ ಎಳೆಯುವ ಪೈ ಅದರ ಲೆಕ್ಕಕ್ಕೆ ಬರುವುದಿಲ್ಲ.

ಈಗ ಉಳಿಸಿಕೊಂಡಿರುವುದು ರಿಲೇ, ಅಂದರೆ ಒಳಗಿನ ಕಾಯಿಲಿಗೆ (ತಂತಿಯ ಸುರುಳಿ) ಸಣ್ಣ ಕರೆಂಟು ಕೊಟ್ಟರೆ ದೊಡ್ಡ ಕರೆಂಟಿನ ದಾರಿ ಹಾಕಿ ತೆಗೆಯುವ ಸ್ವಿಚ್. ಮದರ್‌ಬೋರ್ಡಿನ ಪವರ್ ಸ್ವಿಚ್ಚಿನ ಎರಡು ಪಿನ್ನಿನಿಂದ ವಯರ್ ಎಳೆದು ಪೆಟ್ಟಿಗೆಯ ಮುಂದೆ ಒಂದು ಆರ್ಕೇಡ್ ಗುಂಡಿಗೆ ಕೊಟ್ಟಿದ್ದೇನೆ. ಪವರ್ ಸಪ್ಲೈಯ ಹಳದಿ ವಯರಿನಲ್ಲಿ 12 ವೋಲ್ಟ್, ಕಪ್ಪು ಗ್ರೌಂಡ್; ಇವೆರಡು ರಿಲೇಯ ಕಾಯಿಲಿಗೆ. ಆರುವಾಗ ಕಾಯಿಲಿನಿಂದ ಏಳುವ ವೋಲ್ಟೇಜಿನ ಹೊಡೆತ ತಡೆಯಲು ಅದಕ್ಕೆ ಅಡ್ಡವಾಗಿ 1ಎನ್4007 ಡಯೋಡ್, ಬಿಳಿ ಗೆರೆಯ ತುದಿ ಹಳದಿಯ ಕಡೆ. ಮಾನಿಟರ್, ಆಂಪ್ಲಿಫೈಯರ್, ಎಲ್‌ಇಡಿಗೆ ಹೋಗುವ 230 ವೋಲ್ಟಿನ ಫೇಸ್ ರಿಲೇಯ ‘ಕಾಮನ್’ ಮತ್ತು ‘ನಾರ್ಮಲಿ ಓಪನ್’ ಕಾಲುಗಳ ಮೂಲಕ ಹೋಗುತ್ತದೆ. ನ್ಯೂಟ್ರಲ್, ಅರ್ತ್ ನೇರ. ಗುಂಡಿ ಒತ್ತಿದರೆ ಪಿಸಿ ಏಳುತ್ತದೆ, ಒಳಗೆ ‘ಟಕ್’ ಎನ್ನುತ್ತದೆ, ಎಲ್ಲ ಬೆಳಗುತ್ತದೆ. ಮತ್ತೆ ಒತ್ತಿದರೆ ವಿಂಡೋಸ್ ತನ್ನ ಕೆಲಸ ಮುಗಿಸಿ ಮಲಗಿದ ಮೇಲಷ್ಟೇ ಇನ್ನೊಂದು ‘ಟಕ್’. ಬಯೋಸಿನ ಅದೇ ಆಯ್ಕೆಗೆ ‘ಪವರ್ ಆಫ್’ ಕೊಟ್ಟರೆ ಕರೆಂಟು ಹೋಗಿ ಬಂದರೂ ಪೆಟ್ಟಿಗೆ ಸುಮ್ಮನಿರುತ್ತದೆ.

ಕಾಯಿಲಿಗೆ ಯುಎಸ್‌ಬಿಯ 5 ವೋಲ್ಟ್ ಸಾಲದೇ ಎಂದು ಕೇಳುವವರಿದ್ದಾರೆ. ಹಲವು ಬೋರ್ಡುಗಳಲ್ಲಿ ಪಿಸಿ ಆರಿದ ಮೇಲೂ ಯುಎಸ್‌ಬಿ ಜೀವಂತ ಇರುತ್ತದೆ, ರಿಲೇ ಬಿಡುವುದೇ ಇಲ್ಲ. 12 ವೋಲ್ಟ್ ಪಿಸಿಯ ಜೊತೆಗೇ ಆರುತ್ತದೆ. ರಿಲೇ 10 ಆಂಪಿಯರಿನದ್ದಾದರೂ ಲೆಕ್ಕಕ್ಕೆ ಧಾರಾಳ. ಆದರೆ ಹತ್ತುವ ಕ್ಷಣದಲ್ಲಿ ಅಡಾಪ್ಟರುಗಳು ಜಗ್ಗನೆ ಎಳೆಯುವ ಕರೆಂಟಿಗೆ ಕಾಂಟ್ಯಾಕ್ಟ್ ಅಂಟಿಕೊಳ್ಳಬಹುದು. ಹಾಗಾಗಿ 30 ಆಂಪಿಯರಿನದ್ದು ಹಾಕಿದೆ. ಅದನ್ನು ಮುಚ್ಚಳವಿರುವ ಪಿವಿಸಿ ಬಾಕ್ಸಿನೊಳಗೇ ಇಡಬೇಕು, 230 ವೋಲ್ಟಿನ ಭಾಗವನ್ನು ಬಲ್ಲ ಎಲೆಕ್ಟ್ರಿಶನ್ ಹತ್ತಿರವೇ ಮಾಡಿಸಬೇಕು. ಮಕ್ಕಳ ಕೈ ತಾಗುವ ಪೆಟ್ಟಿಗೆ ಇದು, ಇಲ್ಲಿ ರಾಜಿ ಇಲ್ಲ.

ಯಾವ ದಾರಿ ಹಿಡಿದರೂ ಮಾನಿಟರನ್ನು ಮೊದಲು ಪರೀಕ್ಷಿಸಿ. “ಮಾವಾ, ಲೈಟು ಬಂತು, ಆಟ ಬರ್ಲಿಲ್ಲ” ಎಂದು ಸೋದರಳಿಯ ಕೂಗಿದ್ದು ಮಾನಿಟರಿನ ಬದಲು ಟಿವಿ ಇಟ್ಟ ದಿನ. ಎಷ್ಟೋ ಟಿವಿಗಳು ಕರೆಂಟು ಬಂದರೆ ಸ್ಟ್ಯಾಂಡ್‌ಬೈಯಲ್ಲೇ ನಿಲ್ಲುತ್ತವೆ, ರಿಮೋಟ್ ಒತ್ತಲೇಬೇಕು. ಪ್ಲಗ್ ಕಿತ್ತು ಹಾಕಿದಾಗ ತಾನಾಗಿ ಹತ್ತುವ ಪರದೆಯೇ ಇದಕ್ಕೆ ಬೇಕು.

ರಿಲೇಯ ಒಂದು ಕೊರತೆ: ಪಿಸಿ ಸದಾ ಲೈನಿಗೆ ಅಂಟಿಕೊಂಡೇ ಇರುತ್ತದೆ. ತುಲಾ ತಿಂಗಳ ಸಂಜೆಯ ಗುಡುಗು-ಮಿಂಚಿಗೆ ನಾನು ಗೋಡೆಯ ಪ್ಲಗ್ಗನ್ನೇ ಕೀಳುತ್ತೇನೆ, ಸ್ಪೈಕ್ ಬಸ್ಟರನ್ನು ನಂಬುವುದಿಲ್ಲ.

ಪಿಸಿಯ ಬದಲು ಪೈ ಇಟ್ಟವರು ಅದರ 5 ಮತ್ತು 6ನೇ ಪಿನ್ನಿಗೆ ಗುಂಡಿ ಕೊಟ್ಟು, ಕಾನ್ಫಿಗ್ ಫೈಲಿನಲ್ಲಿ ‘ಜಿಪಿಐಒ-ಶಟ್‌ಡೌನ್’ ಓವರ್‌ಲೇಯ ಸಾಲು ಸೇರಿಸಿದರೆ ಹಲವು ಪೈಗಳಲ್ಲಿ ಅದೇ ಗುಂಡಿ ಆರಿಸುತ್ತದೆ, ಎಬ್ಬಿಸುತ್ತದೆ. ಸ್ಪೈಕ್ ಬಸ್ಟರೇ ಸಾಕೆನ್ನುವವರು ಎಸ್‌ಡಿ ಕಾರ್ಡನ್ನು ಓದಲಷ್ಟೇ ಬಿಡುವ ಓವರ್‌ಲೇ ಫೈಲ್ ಸಿಸ್ಟಮ್ ಆನ್ ಮಾಡಿಕೊಳ್ಳಲಿ. ಕಾರ್ಡ್ ಕೆಡುವ ಭಯ ಹೋಗುತ್ತದೆ, ಆದರೆ ಮಕ್ಕಳ ಹೈಸ್ಕೋರ್ ಉಳಿಯುವುದಿಲ್ಲ.