ಮಳೆಗಾಲದ ಜಗಲಿಗೆ ಚಪ್ಪಲಿ ಸ್ಟ್ಯಾಂಡ್: ಕಬ್ಬಿಣವೋ, ಪೈಪೋ, ಕಡಪವೋ, ದಬ್ಬೆಯೋ?

ಜೂನ್ ಶುರುವಾದರೆ ಸೆಪ್ಟೆಂಬರ್ ಮುಗಿಯುವ ತನಕ ನಮ್ಮ ಮಲೆನಾಡಿನ ಮನೆಗಳ ಕೆಸರೆಲ್ಲ ಬಂದು ನಿಲ್ಲುವುದು ಜಗಲಿಯಲ್ಲೇ. ನಮ್ಮದು ತೀರ್ಥಹಳ್ಳಿ ತಾಲೂಕು. ವರ್ಷಕ್ಕೆ ಸರಾಸರಿ 7000 ಮಿ.ಮೀ. ಮೀರಿ ಮಳೆ ಸುರಿಯುವ ಆಗುಂಬೆ ಇರುವುದೂ ಇದೇ ತಾಲೂಕಿನಲ್ಲಿ. ಜಗಲಿ ಉದ್ದ 8 ಅಡಿ, ಅಗಲ 4 ಅಡಿ. ಮನೆಮಂದಿಯ ಚಪ್ಪಲಿ, ತೋಟದ ಗಮ್ ಬೂಟು, ಮಕ್ಕಳ ಶಾಲೆ ಶೂ, ರೇನ್‌ಕೋಟು, ಕೊಡೆ ಎಲ್ಲಾ ಅಲ್ಲೇ ಹಿಡಿಯಬೇಕು.

ಅಂಗಡಿಯಲ್ಲಿ ಸ್ಟ್ಯಾಂಡ್ ಕೇಳಿದರೆ ಎಷ್ಟು ಜೊತೆ ಹಿಡಿಯುತ್ತದೆ ಅಂತ ಮೊದಲು ಹೇಳುತ್ತಾರೆ. ನಮ್ಮ ಕಡೆ ಅದು ಎರಡನೇ ಮಾತು. ಸಂಜೆ ಒದ್ದೆ ಇಟ್ಟ ಚಪ್ಪಲಿಯ ನೀರು ಬೆಳಿಗ್ಗೆ ಹೊತ್ತಿಗೆ ಇಳಿದಿರಬೇಕು, ಬೂಷ್ಟು ಹಿಡಿಯಬಾರದು, ಅಡಿಗೆ ಪೊರಕೆ ಹೋಗಬೇಕು. ನಾಲ್ಕು ಬಗೆಯ ಸ್ಟ್ಯಾಂಡನ್ನೂ ನಾನು ಅಳೆದದ್ದು ಹೀಗೇ.

ಕಬ್ಬಿಣದ್ದು ತಂದ ದಿನವೇ ಜೋಡಿಸಿ ಇಟ್ಟುಬಿಡಬಹುದು. ಹಗುರ, ಗಾಳಿಯೂ ಚೆನ್ನಾಗಿ ಆಡುತ್ತದೆ. ಆದರೆ ಪೈಪಿನ ಕತ್ತರಿಸಿದ ತುದಿಗೆ ಬಣ್ಣ ಸರಿಯಾಗಿ ಕೂತಿರುವುದಿಲ್ಲ. ತುಕ್ಕು ಅಲ್ಲಿಂದಲೇ ಹತ್ತುತ್ತದೆ, ಆಮೇಲೆ ಅದರ ಕಲೆ ನೆಲಕ್ಕೂ ಇಳಿಯುತ್ತದೆ. ಎರಚಲು ಬಡಿಯದ ಜಾಗಕ್ಕೆ, ಬೆಂಗಳೂರಿನ ಫ್ಲ್ಯಾಟಿನ ಬಾಗಿಲಿಗೆ, ಇದು ಧಾರಾಳ ಸಾಕು.

4 ಇಂಚಿನ ಪಿವಿಸಿ ಪೈಪನ್ನು ತುಂಡು ಮಾಡಿ ಒಂದರ ಮೇಲೊಂದು ಅಂಟಿಸುವ ಉಪಾಯ ವಿಡಿಯೋಗಳಲ್ಲಿ ಬಹಳ ಓಡುತ್ತಿದೆ. ನೋಡಲು ಜೇನುಗೂಡಿನ ಹಾಗೆ ಚಂದ. ಮಕ್ಕಳ ಶೂ ಸಲೀಸಾಗಿ ಹೋಗುತ್ತದೆ, ದೊಡ್ಡವರ ಬೂಟು ತುರುಕಬೇಕು. ಮಳೆಗಾಲಕ್ಕೆ ಮಾತ್ರ ಇದು ಬೇಡವೇ ಬೇಡ. ಒದ್ದೆ ಶೂ ಒಳಗಿಟ್ಟರೆ ನೀರು ಪೈಪಿನ ತಳದಲ್ಲೇ ನಿಲ್ಲುತ್ತದೆ. ಒಳಗೆ ಕತ್ತಲೆ ಬೇರೆ. ಕಪ್ಪೆ ಹೋಗಿ ಕೂರುತ್ತದೆ, ಕಪ್ಪೆ ಬಂದಲ್ಲಿಗೆ ಹಾವು ಬರುವುದು ನಮ್ಮ ಕಡೆ ಹೊಸದಲ್ಲ. ಮಕ್ಕಳು ಕೈ ಹಾಕುವ ಜಾಗ ಅದು.

ಕಡಪ ಕಲ್ಲಿನದಕ್ಕೆ ಮೊಳೆ ಬೇಡ, ಡ್ರಿಲ್ ಬೇಡ. ಎರಡು ಸಿಮೆಂಟ್ ಬ್ಲಾಕ್ ಇಟ್ಟು ಮೇಲೆ ಒಂದಡಿ ಅಗಲದ ಕಲ್ಲು ಹಾಸಿದರೆ ಆಯಿತು. ಬಾಡಿಗೆ ಮನೆಯವರಿಗೆ ಇದಕ್ಕಿಂತ ಸುಲಭದ್ದಿಲ್ಲ. ತುಕ್ಕಿಲ್ಲ, ಗೆದ್ದಲಿಲ್ಲ. ಒಂದೇ ಕೊರತೆ ಅಂದರೆ ಚಪ್ಪಲಿ ಅಡಿಯ ನೀರು ಅಲ್ಲೇ ಕೂರುತ್ತದೆ. ಕಲ್ಲಿನ ಹಿಂಬದಿಗೆ ಹೆಂಚಿನ ಚೂರು ಕೊಟ್ಟು ಮುಂದಕ್ಕೆ ಸ್ವಲ್ಪ ಇಳಿಜಾರು ಮಾಡಿದರೆ ಅರ್ಧ ಸರಿಹೋಗುತ್ತದೆ, ಪೂರ್ತಿ ಅಲ್ಲ.

ನನ್ನ ಮನಸ್ಸು ಗೆದ್ದದ್ದು ಅಡಿಕೆ ದಬ್ಬೆ, ಅಂದರೆ ಅಡಿಕೆ ಮರ ಸೀಳಿದ ಪಟ್ಟಿ. ತೋಟ ಇದ್ದವರಿಗೆ ಹಳೆ ಮರ ಹೇಗೂ ಸಿಗುತ್ತದೆ. ಬಲಿತ ಮರವನ್ನು ಉದ್ದಕ್ಕೆ ಸೀಳಿ, ಒಳಗಿನ ಮೆತ್ತನೆ ತಿರುಳನ್ನು ಕತ್ತಿಯಿಂದ ಪೂರ್ತಿ ಹೆರೆಯಬೇಕು. ತಿರುಳು ಉಳಿದರೆ ಬೂಷ್ಟು ಹಿಡಿಯುವುದು ಅಲ್ಲೇ. ಅಂಚಿನ ಸಿಬಿರು ಕೈಗೆ ಹೊಕ್ಕರೆ ಬಹಳ ನೋವು, ಹಾಗಾಗಿ ಅಂಚನ್ನೂ ಉಜ್ಜಿ ನಯ ಮಾಡಬೇಕು. ನೇರ ಮೊಳೆ ಹೊಡೆದರೆ ದಬ್ಬೆ ಉದ್ದಕ್ಕೆ ಸೀಳಿಕೊಂಡು ಹೋಗುತ್ತದೆ. ಮೊದಲು ಸಣ್ಣ ತೂತು ಕೊರೆದು ತಂತಿಯಲ್ಲಿ ಬಿಗಿದರೆ ಗಟ್ಟಿ. ಎರಡು ದಬ್ಬೆ ನಡುವೆ ಒಂದು ಬೆರಳಿನಷ್ಟು ಸಂದು ಬಿಡಿ. ನೀರು, ಮಣ್ಣು ಎರಡೂ ತಾನಾಗಿ ಕೆಳಗೆ ಬೀಳುತ್ತವೆ, ಗಾಳಿ ಅಡಿಯಿಂದಲೂ ತಾಗುತ್ತದೆ. ಬಾಳಿಕೆಗೆ ಗೇರೆಣ್ಣೆ (ಗೇರುಬೀಜದ ಸಿಪ್ಪೆಯ ಎಣ್ಣೆ) ಸವರಬಹುದು. ಆದರೆ ಅದು ಚರ್ಮ ಸುಡುತ್ತದೆ, ಗ್ಲೌಸ್ ಹಾಕಿಕೊಂಡೇ ಮಾಡಿ. ಬೇಸಿಗೆಯಲ್ಲೇ ಸವರಿ ಬಿಸಿಲಲ್ಲಿ ಚೆನ್ನಾಗಿ ಒಣಗಿಸಿಡಿ. ಕಲ್ಲಿನಷ್ಟು ಬಾಳಿಕೆ ಬರುವುದಿಲ್ಲ, ನಿಜ. ಹಾಳಾದ ದಬ್ಬೆ ಒಂದನ್ನೇ ಬಿಚ್ಚಿ ಬದಲಿಸಬಹುದಲ್ವಾ?

ಕೊನೆಗೆ ನಮ್ಮ ಜಗಲಿಯಲ್ಲಿ ಉಳಿದದ್ದು ಎರಡು: ಚಪ್ಪಲಿಗೆ ದಬ್ಬೆ, ಕೂರಲು ಕಡಪ. ಕಲ್ಲಿನ ಮೇಲೆ ಕೂತು ಬೂಟು ಎಳೆದು ತೆಗೆಯುವುದು ಸುಲಭ. ಪಕ್ಕದಲ್ಲೇ ಸುಣ್ಣದ ಡಬ್ಬಿ ಇರುತ್ತದೆ, ಕಾಲಿಗೆ ಉಂಬಳ (ಜಿಗಣೆ) ಹತ್ತಿದ್ದರೆ ಸ್ವಲ್ಪ ತಾಗಿಸಿದರೆ ಬಿಡುತ್ತದೆ. ಉಪ್ಪಿಗೂ ಬಿಡುತ್ತದೆ, ಆದರೆ ಆಷಾಢದಲ್ಲಿ ಜಗಲಿಯಲ್ಲಿಟ್ಟ ಉಪ್ಪು ನೀರಾಗಿಬಿಡುತ್ತದೆ.

ರೇನ್‌ಕೋಟಿಗೆ ಗೋಡೆಗೆ ಮೊಳೆ ಹೊಡೆಯುವುದೋ, ಗಳ ಕಟ್ಟುವುದೋ? ನಾನು ಗಳದ ಪರ. ಮಣ್ಣಿನ ಗಿಲಾವಿನ ಹಳೆ ಗೋಡೆಯಲ್ಲಿ ಮೊಳೆ ನಿಲ್ಲುವುದಿಲ್ಲ, ಒದ್ದೆ ಕೋಟು ತಾಗಿ ಗೋಡೆಯೂ ಪಾಚಿಗಟ್ಟುತ್ತದೆ. ಮಾಡಿನ ಪಕಾಸಿಗೆ (ಹೆಂಚು ಹೊರುವ ಮರದ ತೊಲೆಗೆ) ಹಗ್ಗ ಕಟ್ಟಿ ಒಂದು ಬಿದಿರು ಇಳಿಬಿಟ್ಟರೆ ಕೋಟು ಗೋಡೆಯಿಂದ ದೂರ ನಿಂತು ಒಣಗುತ್ತದೆ. ಉದ್ದ ಕೊಡೆಯ ಹಿಡಿಯನ್ನೂ ಅದಕ್ಕೇ ಸಿಕ್ಕಿಸಬಹುದು. ಪೇಂಟ್ ಬಕೆಟ್ಟಿನಲ್ಲಿ ಕೊಡೆ ನಿಲ್ಲಿಸುವವರು ತಳಕ್ಕೆ ತೂತು ಮಾಡಲೇಬೇಕು. ಇಲ್ಲದಿದ್ದರೆ ನಿಂತ ನೀರಿಗೆ ಸೊಳ್ಳೆ ಮೊಟ್ಟೆ ಇಡುತ್ತದೆ.

ಮ್ಯಾಟಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ನಾರಿನದು ಕೆಸರನ್ನು ಚೆನ್ನಾಗಿ ಕೆರೆಯುತ್ತದೆ, ಆದರೆ ನೆಂದರೆ ಒಣಗುವುದಿಲ್ಲ. ಗೋಣಿಚೀಲ ಪುಕ್ಕಟೆ, ವಾಸನೆ ಜಾಸ್ತಿ. ಹೊರಗೆ ತೂತಿನ ರಬ್ಬರ್ ಮ್ಯಾಟ್, ಒಳಗೆ ಹಳೆ ಕಾಟನ್ ಸೀರೆ ಮಡಿಸಿ ಹೊಲಿದದ್ದು. ಅದೂ ಕಾಲು ತೊಳೆದು ಬರಲು ಮೆಟ್ಟಿಲ ಹತ್ತಿರ ಒಂದು ಬಕೆಟ್ ನೀರು, ಚೊಂಬು ಇದ್ದರೆ ಮಾತ್ರ.

ಇನ್ನು ಅಲಂಕಾರ. ಪ್ಲಾಸ್ಟಿಕ್ ಸ್ಟಿಕ್ಕರ್ ಥಂಡಿಗೆ ಅಂಚಿನಿಂದ ಏಳುತ್ತದೆ. ಸಾಗರ ಕಡೆಯ ದೀವರ ಸಮುದಾಯದ ಹೆಣ್ಣುಮಕ್ಕಳು ಕೆಮ್ಮಣ್ಣಿನ ಗೋಡೆ ಮೇಲೆ ಅಕ್ಕಿ ಹಿಟ್ಟಿನ ಬಿಳಿಯಲ್ಲಿ, ಪುಂಡಿನಾರಿನ ಕುಂಚ ಹಿಡಿದು ಬರೆಯುವ ಚಿತ್ತಾರ ಎಷ್ಟು ನಾಜೂಕು! ನನಗೆ ಅದರ ಮೇಲೆ ಬಹಳ ಪ್ರೀತಿ. ಆದರೆ ಎರಚಲು ಬಡಿಯುವ ಗೋಡೆಗೆ ಅಕ್ಕಿ ಹಿಟ್ಟು ನಿಲ್ಲುವುದಿಲ್ಲ. ಅದಕ್ಕೆ ಬಾಗಿಲ ಒಳಮಗ್ಗುಲಿಗೆ ಚಿತ್ತಾರದ ಗೆರೆ, ಎರಚಲಿನ ಕಡೆಗೆ ಜರಿಗಿಡದ (ಫರ್ನ್) ಕುಂಡ. ಮನಿಪ್ಲಾಂಟಿಗಿಂತ ಇದೇ ವಾಸಿ, ಮಳೆ ಜೋರಾದಷ್ಟೂ ಹಸಿರಾಗುತ್ತದೆ. ಬೇಸಿಗೆಯಲ್ಲಿ ಬಚ್ಚಲಿನ ಹತ್ತಿರ ನೆರಳಿಗೆ ಸರಿಸಿದರೆ ಸಾಕು.