ಉಯಿಲು, ಜಾಲತಾಣದ ಟ್ರಸ್ಟ್, ವಕೀಲರ ಟ್ರಸ್ಟ್: ಮೂರನ್ನೂ ಮಾಡಿ ನೋಡಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ: ಕ್ಯಾಲಿಫೋರ್ನಿಯಾದಲ್ಲಿ ಸ್ವಂತ ಮನೆ ಇದ್ದರೆ, ಕೈಯಲ್ಲಿ ಹಣವಿದ್ದರೆ, ವಕೀಲರಿಂದಲೇ ಟ್ರಸ್ಟ್ (ಆಸ್ತಿಯನ್ನು ಅದರ ಹೆಸರಿಗೆ ಮಾಡಿ, ನಮ್ಮ ನಂತರ ಯಾರಿಗೆಂದು ಬರೆದಿಡುವ ವ್ಯವಸ್ಥೆ) ಮಾಡಿಸಿ. ಫ್ರೀಮಾಂಟ್‌ನಲ್ಲಿ ಮನೆ ಕೊಂಡಾಗ ನಾವು ಬರೀ ಉಯಿಲು ಬರೆದಿದ್ದೆವು. 2018ರಲ್ಲಿ ಸುಮಾರು 400 ಡಾಲರ್ ಕೊಟ್ಟು ಜಾಲತಾಣವೊಂದರಲ್ಲಿ ನಾವೇ ಟ್ರಸ್ಟ್ ಮಾಡಿಕೊಂಡೆವು. 2020ರಲ್ಲಿ 3,200 ಡಾಲರ್ ತೆತ್ತು ವಕೀಲರ ಬಳಿ ಹೋದೆವು.

ಉಯಿಲು ಅಗ್ಗವೇನೋ ಹೌದು. ಆದರೆ ಇಲ್ಲಿ ಬರೀ ಉಯಿಲಿದ್ದರೆ ಮನೆ ಮಕ್ಕಳ ಹೆಸರಿಗೆ ಬರಲು ಸಾಮಾನ್ಯವಾಗಿ ಪ್ರೊಬೇಟ್, ಅಂದರೆ ಉಯಿಲನ್ನು ಒಪ್ಪಿ ಆಸ್ತಿ ಹಂಚುವ ನ್ಯಾಯಾಲಯದ ಪ್ರಕ್ರಿಯೆ, ದಾಟಬೇಕು. ವಕೀಲರ ಶುಲ್ಕದ ದರ ಕಾನೂನಿನಲ್ಲೇ ಇದೆ: ಮೊದಲ ಒಂದು ಲಕ್ಷ ಡಾಲರ್‌ಗೆ ಶೇ 4, ಮುಂದಿನ ಒಂದು ಲಕ್ಷಕ್ಕೆ ಶೇ 3, ಅದರ ಮೇಲಿನ ಎಂಟು ಲಕ್ಷಕ್ಕೆ ಶೇ 2. ಹತ್ತು ಲಕ್ಷದ ಮನೆಗೆ 23,000 ಡಾಲರ್. ಉಯಿಲನ್ನು ಜಾರಿಗೆ ತರುವವರಿಗೂ ಅಷ್ಟೇ ಸಲ್ಲಬಹುದು. ಸಾಲ ಬಾಕಿಯಿದ್ದರೂ ಲೆಕ್ಕ ಮನೆಯ ಪೂರ್ತಿ ಬೆಲೆಯ ಮೇಲೆ.

ನಾವು ಮಾಡಿದ ಎರಡು ಟ್ರಸ್ಟ್‌ಗಳಲ್ಲಿ ಯಾವುದಾದರೂ, ಬದುಕಿರುವವರೆಗೆ ನಾವೇ ಟ್ರಸ್ಟಿಗಳು, ಅಂದರೆ ಅದನ್ನು ನೋಡಿಕೊಳ್ಳುವವರು. ಬೇಕೆಂದಾಗ ತಿದ್ದಬಹುದು, ರದ್ದು ಮಾಡಬಹುದು. ತೆರಿಗೆ ಎಂದಿನಂತೆಯೇ, ಒಂದು ಡಾಲರ್ ಕೂಡ ಉಳಿಯುವುದಿಲ್ಲ.

ಈಗ ನನ್ನನ್ನು ಕಂಗೆಡಿಸಿದ ಸಂಗತಿಗೆ ಬರುತ್ತೇನೆ. ಜಾಲತಾಣದ ಟ್ರಸ್ಟ್ ಪತ್ರದ ಕೊನೆಯಲ್ಲಿ ಒಂದು ಪಟ್ಟಿಯಿತ್ತು. ಅದರಲ್ಲಿ ಮನೆಯ ವಿಳಾಸ ಬರೆದು, ನೋಟರಿ ಮುಂದೆ ಸಹಿ ಹಾಕಿ, ಕಡತವನ್ನು ಬೀರುವಿನಲ್ಲಿಟ್ಟು ನಿಶ್ಚಿಂತೆಯಾಗಿದ್ದೆವು. ಎರಡು ವರ್ಷದ ಮೇಲೆ, ಗೆಳತಿಯೊಬ್ಬಳ ಮನೆಯ ಪ್ರೊಬೇಟ್ ಪಡಿಪಾಟಲು ಕಣ್ಣಾರೆ ಕಂಡು, ಕೌಂಟಿ (ಇಲ್ಲಿನ ಜಿಲ್ಲೆ) ನೋಂದಣಿ ಕಚೇರಿಯಿಂದ ನಮ್ಮ ಡೀಡ್‌ನ, ಅಂದರೆ ಮನೆಯ ಒಡೆತನದ ಪತ್ರದ, ಪ್ರತಿ ತರಿಸಿದೆ. ಅದರಲ್ಲಿ ನನ್ನ ಹೆಸರು, ನಮ್ಮವರ ಹೆಸರು, 'ಗಂಡ ಹೆಂಡತಿ' ಎಂಬ ಸಾಲು. ಟ್ರಸ್ಟ್ ಎಂಬ ಪದ ಎಲ್ಲೂ ಇರಲಿಲ್ಲ.

ಟ್ರಸ್ಟ್ ಎಂಬುದು ಪೆಟ್ಟಿಗೆ. ಒಳಗೆ ಇಟ್ಟದ್ದನ್ನು ಮಾತ್ರ ಅದು ಕಾಯುತ್ತದೆ. ಮನೆಯನ್ನು ಒಳಗಿಡಲು ಹೊಸ ಡೀಡ್ ಬರೆದು, ನೋಟರಿ ಮಾಡಿಸಿ, ಮಾಲೀಕತ್ವ ಬದಲಾವಣೆಯ ವರದಿಯನ್ನೂ ಜೊತೆಗಿಟ್ಟು ಕೌಂಟಿಯಲ್ಲಿ ನೋಂದಾಯಿಸಬೇಕು. ಆಸ್ತಿ ತೆರಿಗೆ ಏರೀತೆಂಬ ಭಯ ಬೇಡ; ಸ್ವಂತ ಟ್ರಸ್ಟ್‌ಗೆ ವರ್ಗಾಯಿಸಿದರೆ ಮರುಮೌಲ್ಯಮಾಪನ ಆಗುವುದಿಲ್ಲ. ಪಟ್ಟಿಯಲ್ಲಿ ವಿಳಾಸವಿದ್ದ ಕಾರಣಕ್ಕೆ, 1993ರ ಹೆಗ್‌ಸ್ಟಾಡ್ ತೀರ್ಪಿನ ಆಧಾರದಲ್ಲಿ, ಮನೆ ಟ್ರಸ್ಟ್‌ಗೇ ಸೇರಿದ್ದೆಂದು ಒಪ್ಪಿಸಲು ಮಕ್ಕಳು ನ್ಯಾಯಾಲಯಕ್ಕೆ ಅರ್ಜಿ ಹಾಕಿಕೊಳ್ಳಬಹುದಿತ್ತು ಎಂದು ವಕೀಲರು ಹೇಳಿದರು. ಆದರೆ ಮಕ್ಕಳು ನ್ಯಾಯಾಲಯದ ಮೆಟ್ಟಿಲು ಹತ್ತಬಾರದೆಂದೇ ಅಲ್ಲವೇ ನಾವು ಇಷ್ಟೆಲ್ಲ ಮಾಡಿದ್ದು?

ವಕೀಲರ ಕಚೇರಿ ಡೀಡ್ ಕೆಲಸವನ್ನು ತಾನೇ ಮುಗಿಸಿ, ನೋಂದಣಿಯ ಮುದ್ರೆಯಿದ್ದ ಪ್ರತಿಯನ್ನು ಕಳಿಸಿತು. 2021ರಲ್ಲಿ ರೀಫೈನಾನ್ಸ್ ಮಾಡುವಾಗ (ಹಳೆಯ ಗೃಹಸಾಲ ತೀರಿಸಿ ಹೊಸದು ಪಡೆಯುವಾಗ) ಸಾಲ ಕೊಡುವವರು ಮನೆಯನ್ನು ಟ್ರಸ್ಟ್‌ನಿಂದ ಹೊರತೆಗೆಯಲು ಹೇಳಿದರು. ಸಹಿ ಹಾಕಿದ ಹತ್ತಾರು ಕಾಗದಗಳ ನಡುವೆ ಆ ಒಂದು ಹಾಳೆ ನಮಗೆ ಮರೆತೇ ಹೋಗಿತ್ತು. ವಾರದೊಳಗೆ ವಕೀಲರ ಕಚೇರಿಯಿಂದ ಫೋನ್ ಬಂತು, 'ಮನೆಯನ್ನು ಮತ್ತೆ ಒಳಗೆ ಸೇರಿಸಬೇಕು' ಎಂದು. 3,200 ಡಾಲರ್‌ನ ಬೆಲೆ ನನಗೆ ತಿಳಿದದ್ದು ಆ ದಿನ.

ಪತ್ರದ ಒಕ್ಕಣೆಯಲ್ಲಿ ಎರಡು ಟ್ರಸ್ಟ್‌ಗಳಿಗೂ ನಮ್ಮ ಮಟ್ಟಿಗೆ ಹೆಚ್ಚು ವ್ಯತ್ಯಾಸ ಕಾಣಲಿಲ್ಲ. ನೋಂದಣಿ ಕಚೇರಿಗೆ ತಾವೇ ಓಡಾಡುವವರಿಗೆ 400 ಡಾಲರ್‌ನದ್ದೇ ಸಾಕಾದೀತು. ನಮ್ಮಿಬ್ಬರಿಗೂ ಕೆಲಸ, ಕಾಗದ ಪತ್ರವೆಂದರೆ ಭಾನುವಾರಕ್ಕೆ ಮುಂದೂಡುವ ಅಭ್ಯಾಸ, ಹಾಗಾಗಿ ವಕೀಲರೇ ಸರಿ.

ಇನ್ನೊಂದು ದಾರಿಯೂ ಉಂಟು: ಒಡೆಯರು ತೀರಿದ ಮೇಲೆ ಮನೆ ಹೆಸರಿಸಿದವರಿಗೆ ನೇರ ಹೋಗುವ ಮರಣಾನಂತರ ವರ್ಗಾವಣೆಯ ಡೀಡ್ 2016ರಿಂದ ಇಲ್ಲಿದೆ, ಖರ್ಚು ಕಡಿಮೆ. ನೋಟರಿಯಾದ 60 ದಿನದೊಳಗೆ ನೋಂದಾಯಿಸಬೇಕು. ಆದರೆ ಒಡೆಯರು ಬದುಕಿದ್ದು ಬುದ್ಧಿ ಮಂಕಾದರೆ ಅದು ಕೆಲಸಕ್ಕೆ ಬಾರದು. ಟ್ರಸ್ಟ್ ಇದ್ದರೆ ಮುಂದಿನ ಟ್ರಸ್ಟಿ ವಹಿಸಿಕೊಳ್ಳುತ್ತಾರೆ. ನಿವೃತ್ತಿ ಖಾತೆಗಳನ್ನು ಟ್ರಸ್ಟ್‌ಗೆ ತರಲಿಲ್ಲ, ನಾಮನಿರ್ದೇಶನ ಸರಿಪಡಿಸಿದೆವು.

ಮೈಸೂರಿನ ನಿವೇಶನವನ್ನು ಇದರೊಳಗೆ ಬೆರೆಸಲೇ ಇಲ್ಲ. ಕಳೆದ ಬೇಸಿಗೆಯಲ್ಲಿ ಊರಿಗೆ ಹೋದಾಗ ಅದಕ್ಕೆಂದೇ ಬೇರೆ ಉಯಿಲು ಬರೆದು, ಇಬ್ಬರು ಸಾಕ್ಷಿಗಳ ಸಹಿ ಹಾಕಿಸಿ, ಉಪನೋಂದಣಿ ಕಚೇರಿಯಲ್ಲಿ ನೋಂದಾಯಿಸಿ ಬಂದೆವು. ನೋಂದಣಿ ಕಡ್ಡಾಯವಲ್ಲ, ನನ್ನ ಸಮಾಧಾನಕ್ಕೆ ಮಾಡಿಸಿದೆ. ಅದರ ಪ್ರತಿ ಮತ್ತು ಮುದ್ರೆಯಿರುವ ಡೀಡ್ ಈಗ ಒಂದೇ ಕಡತದಲ್ಲಿವೆ. ಅದು ಬೀರುವಿನ ಯಾವ ಅರೆಯಲ್ಲಿದೆ ಎಂದು ದೊಡ್ಡ ಮಗಳಿಗೆ ತೋರಿಸಿದ್ದೇನೆ.